ಹಾಲು ಕುಡಿಸದ ಪೊರೆ

ಗೆರೆ ಕುಸಿಯಿತು. ರಕ್ತ ನನ್ನದೇ.

ಕಂಪಾಲದ ನಮ್ಮ ಲ್ಯಾಬಿನಲ್ಲಿ ಎಚ್‌ಐವಿ ಪತ್ತೆಗೆ ಕರೆಂಟು ಹರಿಯುವ ಪ್ಲಾಸ್ಟಿಕ್ಕಿನ ಕಪ್ಪು ಪೊರೆ ಮಾಡುತ್ತೇವೆ. ಸೋಂಕಿದ್ದವರ ರಕ್ತದ ಪ್ರತಿಕಾಯಗಳು ಅದಕ್ಕೆ ಅಂಟಿದರೆ ಕರೆಂಟು ಇಳಿದು ಪರದೆಯ ಗೆರೆ ಕುಸಿಯುತ್ತದೆ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಲ್ಲ, ಅದನ್ನು ನಾವೇ ಸರದಿಯಂತೆ ಕೊಡುತ್ತೇವೆ. ಇವತ್ತು ನನ್ನ ಸರದಿ.

ಇನ್ನೊಂದು ಪೊರೆ ಹಾಕಿದೆ. ಅದೂ ಕುಸಿಯಿತು. ಅಯ್ಯೋ ದೇವರೇ! ನನ್ನ ಮೂರು ತಿಂಗಳ ಕೂಸಿಗೆ ಎದೆಹಾಲು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಬಸುರಿಯಾಗಿದ್ದಾಗಿನ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಹಾಗಾದರೆ ಆಮೇಲೆ ತಂದು ಹಚ್ಚಿದವನು ಗಡಿಯಾಚೆಯ ಜುಬಾ ಊರಿನ ದಾರಿಯಲ್ಲಿ ಲಾರಿ ಓಡಿಸುವ ನನ್ನ ಗಂಡ ಕಟೆರೆಗ್ಗನೇ. ನಿಂತಲ್ಲೇ ಅವನಿಗೆ ಮೆಸೇಜು ಒತ್ತಿದೆ: "ನಂಗೂ ಎಚ್‌ಐವಿ ಹಚ್ಚಿದ್ಯಲ್ಲೋ ಪಾಪಿ!"

ಅಷ್ಟರಲ್ಲಿ ನಾದಿನಿ ನಬ್ಬೋಸಳ ಫೋನು. ದಿನಾ ಮಧ್ಯಾಹ್ನ ಮಗುವನ್ನು ಗೇಟಿಗೆ ತರುವವಳು ಅವಳು.

"ಎಲ್ಲಿ ಸತ್ತೆ ಅತ್ತಿಗೆ? ನಿಂತು ನಿಂತು ಕಾಲು ಬಿದ್ದೋಯ್ತು. ನಿನ್ ಮಗ ಊರೇ ಎದ್ದು ಬರೋ ಹಾಗೆ ಅರಚ್ತಿದಾನೆ. ಬಂದು ಹಾಲು ಕುಡ್ಸು!"

ಆ ಅಳು ಕೇಳಿ ಎದೆ ತಾನಾಗಿ ಜಿನುಗಿತು. ನನ್ನ ಹಾಲಿಗೆ ನಾನೇ ಹೆದರಿದೆ.

ಹಾಲು ಕುಡಿಸು. ಪೊರೆಗೂ ನಮ್ಮಲ್ಲಿ ಅದೇ ಮಾತು! ರಕ್ತ ಹಾಕುವ ಮೊದಲು ಹಾಲಿನ ಪುಡಿ ಕಲಸಿದ ನೀರಲ್ಲಿ ಅದನ್ನು ಅದ್ದಿಡಬೇಕು, ಖಾಲಿ ಜಾಗ ತುಂಬಲಿ ಅಂತ. ಇಲ್ಲದಿದ್ದರೆ ಅದು ಸಿಕ್ಕಿದ್ದನ್ನೆಲ್ಲ ಅಂಟಿಸಿಕೊಳ್ಳುತ್ತದೆ.

"ಓಗ್ವಾಲ್! ಇವಕ್ಕೆ ಹಾಲು ಕುಡ್ಸಿದ್ಯೇನೋ?"

ಪೊರೆ ಸಿದ್ಧಮಾಡುವ ಓಗ್ವಾಲ್ ಕೈಯಲ್ಲಿನ ಚಹಾ ಲೋಟ ನೋಡಿಕೊಂಡ. "ಹಾಲಿನ ಪುಡಿ ಚಹಾಕ್ಕೇ ಮುಗೀತು ಕಣಕ್ಕ. ಒಂದ್ಸಲ ಬಿಟ್ರೆ ಏನಾಗುತ್ತೆ ಅಂತ..."

"ನಿನ್ ಕೈ ಸೇದೋಗ! ನನ್ ಜೀವ ಬಾಯಿಗ್ ಬಂದಿತ್ತು!"

ಆದರೂ ಧೈರ್ಯ ಸಾಲದೆ ಪಕ್ಕದ ಕ್ಲಿನಿಕ್ಕಿಗೆ ಓಡಿ ಬೆರಳು ಚುಚ್ಚಿಸಿಕೊಂಡೆ. ಅಲ್ಲಿಯ ರಕ್ತಪರೀಕ್ಷೆಯ ಪಟ್ಟಿಯಲ್ಲಿ ಸೋಂಕು ಕಾಣಲಿಲ್ಲ. ಗೇಟಿನ ಹಲಸಿನ ಮರದಡಿ ಕೂತು ಮಗುವನ್ನು ಎದೆಗೆ ಹಾಕಿಕೊಂಡೆ. ನಗುವೂ ಅಳುವೂ ಒಟ್ಟಿಗೇ ಬಂದವು. ಗಂಡನಿಗೆ ತಪ್ಪಾಯ್ತು ಅನ್ನೋಣವೆಂದು ಫೋನು ತೆಗೆದರೆ ಅವನ ಉತ್ತರ ಆಗಲೇ ಬಂದಿತ್ತು:

"ನಿಂಗ್ಯಾರು ಹೇಳಿದ್ರು? ನಂಗೇ ಗೊತ್ತಾಗಿದ್ದು ನಿನ್ನೆ."

ಸೋಂಕು ತಗುಲಿದ ಮೇಲೆ ಪ್ರತಿಕಾಯ ಕಾಣಿಸಿಕೊಳ್ಳಲು ಮೂರು ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಪೊರೆಗೂ ಗೊತ್ತಾಗದು, ಪಟ್ಟಿಗೂ ಗೊತ್ತಾಗದು. ಹೊಸಬರಿಗೆ ಈ ಪಾಠ ಹೇಳುವವಳೇ ನಾನು. ಅವನು ಮನೆಗೆ ಬಂದು ಹೋಗಿ ಹತ್ತು ದಿನವಷ್ಟೇ.

ಬೆರಳು ಹಾಕಿ ಮಗುವಿನ ಬಾಯಿ ಬಿಡಿಸಿದೆ. ಅದು ಮತ್ತೆ ಅಳತೊಡಗಿತು.