ಗೋಡೆಯ ಮೇಲಿನ ಐದು ಕುಳ್ಳು

ಹೋಳಿ ಹುಣ್ಣಿಮೆಯ ಸಂಜೆ ಕಾಮಣ್ಣನ ಬೆಂಕಿಗೆ ಪೂನಮ ಹಾಕಿದ ಐದು ಸಗಣಿ ಕುಳ್ಳುಗಳಲ್ಲಿ ಅತ್ತೆಯ ಸೌತೆ ಬೀಜಗಳಿದ್ದವು. ಅದು ಅವಳಿಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ, ಕುಳ್ಳೆಲ್ಲ ಬೂದಿಯಾದ ಮೇಲೆ.

ಮನೆಗೆ ಐದರಂತೆ ಕುಳ್ಳು ಕಾಮಣ್ಣನಿಗೆ ಸಲ್ಲಬೇಕು. ಸದಾಶಿವನಗರದಲ್ಲಿ ಈಗ ಎಮ್ಮೆ ಕಟ್ಟುವವರು ಎಷ್ಟು ಮಂದಿ? ಎರಡು ಓಣಿ ತಿರುಗಿ ಬರಿಗೈಯಲ್ಲಿ ಬರುತ್ತಿದ್ದವಳಿಗೆ ತೋಟದ ಗೋಡೆಯ ಮೇಲೆ ಅತ್ತೆ ಬಡಿದಿದ್ದ ಕುಳ್ಳುಗಳು ಕಂಡವು. ಸರಿಯಾಗಿ ಐದೇ ಇದ್ದವು. ದೇವರೇ ಎಣಿಸಿಟ್ಟ ಹಾಗಿದೆ ಎಂದುಕೊಂಡು ಸಂತೋಷದಿಂದಲೇ ಬಿಡಿಸಿ ತಂದಿದ್ದಳು.

ತೋಟವೆಂದರೆ ಓಣಿಯ ತುದಿಯ ಒಂದು ಖಾಲಿ ಸೈಟು. ಹನ್ನೆರಡು ಮನೆಯವರು ಸೇರಿ ಮನೆಗೊಂದು ತರಕಾರಿ ಮಡಿ ಹಂಚಿಕೊಂಡಿದ್ದರು. ಅಂಗಡಿಯ ಗೊಬ್ಬರ, ಔಷಧ ಒಳಗೆ ಬರಕೂಡದೆಂಬುದೊಂದೇ ಕಟ್ಟಳೆ. ಪೂನಮಳ ಅತ್ತೆ ಭರಮವ್ವ ಖಾನಾಪುರದ ಕಡೆಯವಳು, ಕುರಿ ಕಾಯ್ದ ಮನೆಯ ಹೆಣ್ಣುಮಗಳು. ಮಗ ಸಂಜಯನ ಮನೆಗೆ ಬಂದ ಮೂರು ವರ್ಷಗಳಲ್ಲಿ ಆ ಮಡಿ ಅವಳದೇ ಆಗಿಹೋಗಿತ್ತು. ಕುರಿ ಹಿಕ್ಕೆಯನ್ನು ಆರು ತಿಂಗಳು ಕೊಳೆಸದೆ ಮಣ್ಣಿಗೆ ಸೋಕಿಸುತ್ತಿರಲಿಲ್ಲ. ಇಬ್ಬನಿ ಆರುವ ಮೊದಲೇ ಹೋಗಿ ಎಲೆಗಳ ಮೇಲೆ ಬೂದಿ ಚಿಮುಕಿಸುವಳು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ ಅಂಗೈಯಿಂದ ಮಣ್ಣು ಮುಟ್ಟಿ, ಇವತ್ತು ನೀರು ಬೇಕೋ ಬೇಡವೋ ಹೇಳುವಳು. ಆ ಅಂಗೈ ತಪ್ಪಿದ್ದನ್ನು ಪೂನಮ ಒಮ್ಮೆಯೂ ನೋಡಿರಲಿಲ್ಲ.

ಪಕ್ಕದ ಮಡಿಯ ಬಾಳಾಸಾಹೇಬ ಕಾಕಾ ರವಿವಾರ ಪೇಟೆಯಲ್ಲಿ ಕಿರಾಣಿ ಸಗಟು ವ್ಯಾಪಾರ ಮಾಡಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟವರು. ಅವರ ಬದನೆಗೆ ಮಾತ್ರ ಯಾವಾಗಲೂ ಹುಳು.

"ಭರಮವ್ವಾರ, ನಿಮ್ಮ ಮಡಿ ಹಾದಿ ಹುಳಕ್ಕ ಗೊತ್ತಿಲ್ಲೇನ್ರಿ?" ಎಂದು ಅವರು ಒಮ್ಮೆ ಕೇಳಿದ್ದರು.

"ಬರ್ತಾವ್ರಿ. ಬಾಜೂಕ ಎರಡ ಗಿಡಾ ಅವಕ್ಕಂತನ ಬಿಟ್ಟೀನಿ. ನೀವ ಪಾಲ ಕೊಡೂದಿಲ್ಲ, ಅದಕ್ಕ ನಿಮ್ಮಲ್ಲಿ ಎಲ್ಲಾ ತಿಂತಾವ."

ಹೋಳಿಯ ಮರುದಿನ ತೋಟಕ್ಕೆ ಬಂದ ಭರಮವ್ವ ಗೋಡೆಯ ಮುಂದೆ ನಿಂತೇಬಿಟ್ಟಳು. ಕುಳ್ಳುಗಳಿದ್ದಲ್ಲಿ ಐದು ದುಂಡನೆಯ ಕಲೆಗಳಿದ್ದವು.

"ಯಾರ ಒಯ್ದರ ಇವನ್ನ?"

"ಓಣಿ ಹುಡುಗರು ಕಾಮಣ್ಣಗ ಕದ್ದಿರತಾರ ತಗೋರಿ," ಎಂದರು ಕಾಕಾ. "ಐದ ಕುಳ್ಳಿಗೆ ಯಾಕ ಇಷ್ಟ ಚಿಂತಿ?"

"ಕುಳ್ಳ ಅಲ್ಲರಿ, ಅದರಾಗ ಬೀಜಾ ಇದ್ದೂ. ನಮ್ಮವ್ವ ಕೊಟ್ಟ ಜವಾರಿ ಸೌತಿ. ಸಗಣ್ಯಾಗ ಕಲಿಸಿ ಗ್ವಾಡಿಗೆ ಬಡದ್ರ ನುಸಿ ಹತ್ತೂದಿಲ್ಲಂತ ಇಟ್ಟಿದ್ದೆ. ಮುಂದಿನ ವಾರ ಹಾಕಬೇಕಂತಿದ್ದೆ." ಒಂದು ಕಲೆಯ ಮೇಲೆ ಬೆರಳಾಡಿಸಿ ಅಂದಳು, "ಹೋಗ್ಲಿ. ಕಾಮಣ್ಣಗ ಕದ್ದವ್ರನ್ನ ಬೈಬಾರದು."

ಪೂನಮಳ ಕೈಯಲ್ಲಿ ನೀರಿನ ಬಕೆಟ್ ಇತ್ತು. ಹುಡುಗರ ಮೇಲೆ ಹೋದ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಅವಳು ಬಾಯಿ ಬಿಡಬೇಕಾಗಿರಲಿಲ್ಲ. ಬಕೆಟ್ ಕೆಳಗಿಟ್ಟಳು.

"ಅತ್ತಿ, ನಾನ ಒಯ್ದೀನ್ರಿ."

"ಐದೂ?"

"ಐದೂ."

ಭರಮವ್ವ ಸೊಸೆಯ ಮುಖ ನೋಡಿದಳು. ಬೈಗುಳ ಬರಲಿಲ್ಲ. ಅದೇ ಪೂನಮಳನ್ನು ಹೆಚ್ಚು ಸುಟ್ಟಿತು.

"ಹೇಳದ ಇಟ್ಟಾಕಿ ನಾನು. ಅರ್ಧಾ ತಪ್ಪ ನಂದು," ಎಂದಳು ಅತ್ತೆ. "ಉಳದರ್ಧಾ ನಿಂದು. ನಾಳೆ ಖಾನಾಪುರಕ್ಕ ಹೋಗು. ಅಲ್ಲಿ ನನ್ನ ಹಳೇ ಗೆಳತಿ ಶಿವಬಸವ್ವನ ಹತ್ರ ಉಳದಿದ್ರ ಉಳದೀತು. ಇಲ್ಲಂದ್ರ ಮುಗೀತು, ಈ ಬೀಜಾ ಬ್ಯಾರೆ ಎಲ್ಲೂ ಇಲ್ಲ."

ಮರುದಿನ ಬಸ್ಸಿನಲ್ಲಿ ಪೂನಮಳಿಗೆ ಆ ಕೊನೆಯ ಮಾತೇ ಕಿವಿಯಲ್ಲಿತ್ತು. ಖಾನಾಪುರ ನಿಲ್ದಾಣದಲ್ಲಿ ಇಳಿದು, ಕೇಳುತ್ತ ಕೇಳುತ್ತ ಮಲಪ್ರಭೆಯ ದಾರಿಯಲ್ಲಿ ಹೋದಳು. ವಿಭೂತಿ ಹಚ್ಚಿಕೊಂಡ ಮುದುಕಿಯೊಬ್ಬಳು ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಶಿವಬಸವ್ವ ಅವಳೇ. ಪೂನಮ ನಿಂತಲ್ಲೇ ಎಲ್ಲ ಹೇಳಿದಳು.

"ಕುಂದರ ಮೊದ್ಲ. ಬೀಜಾ ಸುಟ್ಟ ಬಂದಾಕಿಗೆ ನೀರರ ಕೊಡಬೇಕಲ್ಲ," ಎಂದಳು ಶಿವಬಸವ್ವ. ನೀರು ಕೊಟ್ಟು, ಹಿತ್ತಲ ಗೋಡೆಯ ಬಳಿ ಕರೆದೊಯ್ದಳು. ಸೂರಿನ ಕೆಳಗೆ ಎರಡೇ ಎರಡು ಕುಳ್ಳಿದ್ದವು.

"ಒಂದ ವರ್ಷ ಜಡಿಮಳಿಗೆ ನನ್ನ ಗ್ವಾಡಿನ ಬಿದ್ದಿತ್ತು, ಬೀಜಾ ಎಲ್ಲಾ ಹಾಳಾಗಿದ್ದೂ. ನಿಮ್ಮತ್ತಿ ಕಂಬಳಿಯೊಳಗ ಒಂದ ಕುಳ್ಳ ಮುಚಗೊಂಡ ಏಳ ಮೈಲು ನಡಕೋತ ಬಂದ್ಲು. ನಾ ಕೇಳಿರಲಿಲ್ಲ. ಗ್ವಾಡಿ ಬಿತ್ತಂತ ಸುದ್ದಿ ಕೇಳಿ ಬಂದಿದ್ಲು. ಇದು ಆ ಬೀಜದ್ದ ಮೊಮ್ಮಗಾ." ಒಂದನ್ನು ಮೆಲ್ಲಗೆ ಬಿಡಿಸಿ ಪೂನಮಳ ಕೈಗಿಟ್ಟಳು. "ನಿಮ್ಮತ್ತಿಗೆ ಕೊಡಾಕತ್ತಿಲ್ಲ ನಾನು, ನಿನಗ ಕೊಡಾಕತ್ತೀನಿ. ಮುಂದಿನ ವರ್ಷ ಹೊಸಾ ಬೀಜಾ ತಗೊಂಡ ನೀನ ಬರಬೇಕು."

ಬಸ್ಸಿನಲ್ಲಿ ಕುಳ್ಳನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡವಳನ್ನು ಪಕ್ಕದ ಹೆಂಗಸು ಓರೆಗಣ್ಣಿನಿಂದ ನೋಡುತ್ತಲೇ ಬಂದಳು. ಪೂನಮಳಿಗೆ ಆ ಕಡೆ ಗಮನವಿರಲಿಲ್ಲ. ಕೇಳದೆಯೇ ಏಳು ಮೈಲು ನಡೆದವಳ ಜೊತೆ ಮೂರು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದೆ, ಅವಳು ಒಂದು ದಿನವೂ ಅದನ್ನು ಹೇಳಿಕೊಳ್ಳಲಿಲ್ಲವಲ್ಲ ಎಂದು ಯೋಚಿಸುತ್ತಿದ್ದಳು.

ಮಡಿಯಲ್ಲಿ ಭರಮವ್ವ ಕುಳ್ಳು ಒಡೆಯಲಿಲ್ಲ, ಸೊಸೆಯಿಂದ ಒಡೆಸಿದಳು. ಹತ್ತೊಂಬತ್ತು ಬೀಜ ಸಿಕ್ಕವು. ಆರನೆಯ ದಿನ ಹನ್ನೊಂದು ಮೊಳಕೆ ಎದ್ದವು. ಪೂನಮ ಬೂದಿ ಚಿಮುಕಿಸಿದಳು. ಅತ್ತೆಯ ಅಂಗೈಯ ಪಕ್ಕ ತನ್ನ ಅಂಗೈಯನ್ನೂ ಮಣ್ಣಿಗಿಟ್ಟು ತಂಪು ಗುರುತಿಸುವುದನ್ನು ಕಲಿತಳು. ಎರಡು ಸಲ ತಪ್ಪಿದಳು, ಮೂರನೆಯ ಸಲ ಇಬ್ಬರ ಮಾತೂ ಒಂದೇ ಆಯಿತು.

ಬಳ್ಳಿ ಹಬ್ಬಿ ಎಳೆಗಾಯಿ ಇಳಿದಾಗ ಬಾಳಾಸಾಹೇಬ ಕಾಕಾ ಒಂದು ಹೋಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ಭರಮವ್ವಾರ, ಈ ಸಲಾ ನನ್ನ ಗ್ವಾಡಿಗೂ ಒಂದ ಕುಳ್ಳ ಬಡೀರಲ್ಲ."

ಭರಮವ್ವ ಬದನೆ ಗಿಡದ ಕಳೆ ಕೀಳುತ್ತ ತಲೆ ಎತ್ತಲಿಲ್ಲ. "ಪೂನಮನ್ನ ಕೇಳ್ರಿ. ಬೀಜಾ ಈಗ ಆಕೀದು."

ಕಾಕಾ ಇತ್ತ ತಿರುಗಿದರು. ಪೂನಮ ಬೀಜಕ್ಕೆಂದು ಬಿಟ್ಟ ದಪ್ಪ ಕಾಯಿಯ ಕೆಳಗೆ ಒಣಹುಲ್ಲು ಸರಿಪಡಿಸುತ್ತಿದ್ದಳು.

"ಕೊಡ್ತೀನ್ರಿ ಕಾಕಾ," ಎಂದಳು. "ಮೊದಲ ಶಿವಬಸವ್ವಾರಿಗೆ ಮುಟ್ಟಿಸಿ ಬರ್ತೀನಿ."