ನನ್ನ ಚರ್ಮ, ಅಕ್ಕನ ಕೈ

"ಕೈಗಳೇನೋ ಇವು? ಬದ್ನೇಕಾಯಿ ಸುಟ್ಟಂಗಿವೆ. ಇದನ್ನ ನೋಡಿ ಯಾವನು ಬಟ್ಟೆ ಕೊಳ್ತಾನೋ, ಬೋಳಿಮಗನೇ? ತೊಳಿ ಎಲ್ಲಾ!"

ಸ್ಟುಡಿಯೋ ಯಜಮಾನ ನನ್ನ ಕುರ್ಚಿಗೆ ಒದ್ದು ಹೋದ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ವೆಬ್‌ಸೈಟಿನ ಕೆಲಸ ನಮಗೆ ಬಂದಿತ್ತು. ಮುಖಪುಟದ ಫೋಟೋದಲ್ಲಿ ಕೆಲಸದ ಹೆಂಗಸರು ಹಸಿ ಬಟ್ಟೆ ಎತ್ತಿ ಹಿಡಿದು ನಗುತ್ತಿದ್ದರು. ನಡುವೆ ನಿಂತವಳು ನನ್ನ ಅಕ್ಕ. ಅಲ್ಲಿನ ಬಣ್ಣದ ತೊಟ್ಟಿಯಲ್ಲಿ ಕೈ ಅದ್ದಿ ಅದ್ದಿ ದುಡಿದ ದುಡ್ಡಿನಲ್ಲೇ ಅವಳು ನನಗೆ ಈ ಕಂಪ್ಯೂಟರ್ ಕೆಲಸ ಕಲಿಸಿದ್ದಳು. ನಾನು ಬಾಯಿ ಮುಚ್ಚಿಕೊಂಡು ಫೋಟೋದಲ್ಲಿನ ಅವಳ ಕೈ ತೊಳೆದು ನುಣುಪು ಮಾಡಲು ಕೂತೆ.

ಬಿರುಕು, ಗುಳ್ಳೆ, ಕಿತ್ತುಬಂದ ಉಗುರು. ಮುಚ್ಚೋಣವೆಂದರೆ ನಕಲು ಮಾಡಿ ಅಂಟಿಸಲು ಪಕ್ಕದಲ್ಲಿ ಎಲ್ಲೂ ಒಳ್ಳೆಯ ಚರ್ಮವಿರಲಿಲ್ಲ. ಹೀಗಾದಾಗ ನಾವು ಬೇರೆ ಕಡೆಯಿಂದ ಚರ್ಮ ತರುತ್ತೇವೆ. ಫೋನಿನಲ್ಲಿ ನನ್ನದೇ ಕೈಯ ಫೋಟೋ ತೆಗೆದೆ. ಅಕ್ಕನ ಚಿತ್ರದ ಮೇಲೆ ಗಾಜಿನ ಹಾಳೆಯಂಥ ಹೊಸ ಲೇಯರ್ ಹಾಸಿ, ಅದರಲ್ಲಿ ನನ್ನ ಚರ್ಮವನ್ನು ಅಂಟಿಸಿದೆ. ನಿಜವಾದ ಕೈ ಅಡಿಯಲ್ಲಿ ಹಾಗೇ ಉಳಿಯಿತು.

"ಭೇಷ್," ಎಂದ ಯಜಮಾನ. ಥೂ ನನ್ನ ಜನ್ಮಕ್ಕೆ, ಖುಷಿಯಾಯಿತು.

ಫೋಟೋ ವೆಬ್‌ಸೈಟಿಗೆ ಏರಿದ ಮೇಲೆ ಅಕ್ಕ ಒಂದು ದಿನ ಧೈರ್ಯ ಮಾಡಿ ಕಾರ್ಖಾನೆಯ ಮ್ಯಾನೇಜರಿಗೆ ಕೈ ತೋರಿಸಿ, ಡಾಕ್ಟರ ಹತ್ತಿರ ಕಳಿಸಿ ಎಂದು ಕೇಳಿದಳಂತೆ. ಅವನು ಮೊಬೈಲಿನಲ್ಲಿ ಆ ವೆಬ್‌ಸೈಟು ತೆರೆದು ಅವಳ ಮುಖಕ್ಕೆ ಹಿಡಿದನಂತೆ. ರಾತ್ರಿ ಊಟಕ್ಕೆ ಕೂತಾಗ ಹೇಳಿದಳು.

"'ಇದು ನೀನೇ ತಾನೇ? ಇಡೀ ಲೋಕ ನೋಡ್ತಿದೆ, ನಮ್ಮಲ್ಲಿ ನಿನ್ ಕೈ ಹೆಂಗಿತ್ತು ಅಂತ. ಮನೇಲಿ ಸುಟ್ಕೊಂಡು ಬಂದು ನಮ್ ತಲೆಗೆ ಕಟ್ತೀಯೇನೇ, ರಂಡೆ?' ಅಂದ ಕಣೋ."

ನಾನು ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದೆ.

"ಆ ಫೋಟೋ ನಾನೂ ನೋಡ್ದೆ. ಹೆಬ್ಬೆರಳ ಬುಡದಲ್ಲಿ ಮಚ್ಚೆ ಇದೆ. ನಂಗೆಲ್ಲಿದೆಯೋ ಮಚ್ಚೆ?"

ಅವಳು ನನ್ನ ಕೈ ಎಳೆದು ತಿರುಗಿಸಿದಳು. ಅವಳ ಬೆರಳು ಗರಗಸದ ಹಾಗೆ ಉಜ್ಜಿತು.

"ನೀನು ಕೂಸಾಗಿದ್ದಾಗ ಇರುವೆ ಅಂದ್ಕೊಂಡು ಈ ಮಚ್ಚೇನ ಒರೆಸೋಕೆ ಹೋಗಿದ್ದೆ." ನನ್ನ ಕೈ ಬಿಟ್ಟು ತಟ್ಟೆಗೆ ಸಾರು ಬಡಿಸಿದಳು. "ಹೋಗ್ಲಿ ಬಿಡು, ನಿನ್ ಕೆಲ್ಸ ಉಳೀತಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ಸ್ಟುಡಿಯೋದಲ್ಲಿ ಆ ಫೈಲು ತೆರೆದು ನನ್ನ ಚರ್ಮದ ಲೇಯರನ್ನು ಅಳಿಸಿದೆ. ಅಕ್ಕನ ಕೈ ಎದ್ದು ಬಂತು. ಅದನ್ನೇ ವೆಬ್‌ಸೈಟಿಗೆ ಏರಿಸಿದೆ. ಸ್ವಲ್ಪ ಹೊತ್ತಿಗೆ ಯಜಮಾನ ಫೋನು ಹಿಡಿದುಕೊಂಡೇ ಓಡಿ ಬಂದ.

"ಮ್ಯಾನೇಜರ್ ಬಾಯಿಗೆ ಬಂದಂಗೆ ಉಗೀತಿದಾನೆ! ನಿಮ್ಮಪ್ಪನ ಪೇಜೇನೋ ಅದು? ಹಾಕೋ ಆ ಚರ್ಮ ವಾಪಸ್ಸು!"

"ಚರ್ಮ ನಂದು. ಕೊಡಲ್ಲ," ಎಂದೆ.

ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಅವನು ಕಾಲರ್ ಹಿಡಿದು ಜಗ್ಗಿದ. ನಾನು ಏಳಲಿಲ್ಲ.

ಅಷ್ಟರಲ್ಲಿ ಮೇಜಿನ ಮೇಲೆ ನನ್ನ ಫೋನು ಅದುರತೊಡಗಿತು. ಕಾರ್ಖಾನೆಯಿಂದ ಅಕ್ಕ. ಫೋಟೋದಲ್ಲಿ ಅವಳ ಕೈ ಮುಚ್ಚುವಾಗ ಅವಳನ್ನು ಕೇಳಿರಲಿಲ್ಲ, ತೆರೆಯುವಾಗಲೂ ಕೇಳಲಿಲ್ಲ. ಫೋನು ಬಡಿದುಕೊಳ್ಳುತ್ತಲೇ ಇತ್ತು. ತೊಡೆಯ ಕೆಳಗಿನಿಂದ ಕೈ ತೆಗೆಯಲು ನನಗೆ ಧೈರ್ಯ ಬರಲಿಲ್ಲ.