ಹಳೇ ಹೆಸರಿಗೆ ಓಗೊಟ್ಟ ಮನೆ

ತಂತಿ ಮಾಮನಿಗೆ ಒಂದು ಜಂಬ ಇತ್ತು. ಇರಲಿ ಬಿಡಿ, ಯಾರಿಗಿಲ್ಲ? ಮೂವತ್ತು ವರ್ಷದಲ್ಲಿ ಯಾವ ಮನೆಯಿಂದಲೂ ‘ನನ್ನ ಕೈಲಿ ಆಗಲಿಲ್ಲ’ ಅಂತ ಹೇಳಿ ಹೊರಗೆ ಬಂದ ಆಸಾಮಿಯಲ್ಲ ಅವನು. ಮೊದಲು ರೇಡಿಯೋ, ಆಮೇಲೆ ಟಿವಿ, ಆಮೇಲೆ ಕೇಬಲ್, ಈಗ ತಂತಿಯೇ ಇಲ್ಲದ ವೈಫೈ. ಕೆಲಸ ಬದಲಾದರೂ ಬೀದಿಯವರು ಇಟ್ಟ ಹೆಸರು ಬದಲಾಗಲಿಲ್ಲ. “ತಂತಿ ಇಲ್ಲದ ತಂತಿ ಮಾಮ” ಅಂತ ಯಾರಾದರೂ ರೇಗಿಸಿದರೆ, “ತಲೆ ಇಲ್ಲದ ನೀನು ಟೋಪಿ ಹಾಕ್ಕೊಂಡಿಲ್ವಾ, ಹಾಗೆ” ಅಂದುಬಿಡುತ್ತಿದ್ದ.

ಆವತ್ತು ಬೆಳಿಗ್ಗೆ ಫೋನ್ ಮಾಡಿದ್ದು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು.

“ಮಾಮ, ನಮ್ಮಮ್ಮ ಅದೇನು ತಲೆಗೆ ಬಂತೋ, ಹಳೇ ರೂಟರ್ ತೆಗೆಸಿ ಹೊಸದು ಹಾಕಿಸ್ಕೊಂಡಿದ್ದಾರೆ. ಆವತ್ತಿಂದ ಮನೇಲಿ ಒಂದೂ ಕನೆಕ್ಟ್ ಆಗ್ತಿಲ್ಲ. ಬಲ್ಬು, ಕ್ಯಾಮೆರಾ, ಬಾಗಿಲಿನ ಬೀಗ, ಎಲ್ಲ ಸುಮ್ನೆ ಬಿದ್ದಿವೆ. ನಮ್ಮಪ್ಪ ಒಂದೊಂದನ್ನೂ ಕೈಯಾರೆ ಹಾಕಿದ್ದು ಮಾಮ. ಅಪ್ಪ ಹೋಗಿ ಎಂಟು ತಿಂಗಳಾಯ್ತು. ಈಗ ಅವೂ ಹೋಗ್ಬಿಟ್ರೆ...” ಹುಡುಗಿ ಅತ್ತೇಬಿಟ್ಟಳು.

“ಅಳಬೇಡ ಮಗೂ. ಸಂಜೆ ನೀನು ಬರೋಷ್ಟರಲ್ಲಿ ಮನೆ ಮೊದಲಿನ ಹಾಗೇ ಇರುತ್ತೆ” ಅಂತ ಮಾತು ಕೊಟ್ಟ. ಕೊಟ್ಟ ಮಾತು ಎಂಥದ್ದು ಅಂತ ಪಾಪ ಅವನಿಗೇನು ಗೊತ್ತು!

ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಗೋಡೆಗೆ ಒರಗಿಸಿದ ಉದ್ದನೆಯ ಮೇಜು, ಅದರ ಮೇಲೆ ಕರೆಂಟಿನ ಹೊಲಿಗೆ ಯಂತ್ರ, ಕೊಕ್ಕೆಗಳಲ್ಲಿ ನೇತಾಡುವ ಅರೆಹೊಲಿದ ಅಂಗಿಗಳು, ಕಾಲಡಿಯಲ್ಲಿ ಬಣ್ಣಬಣ್ಣದ ಚೂರುಬಟ್ಟೆ. ಹುಡುಗಿಯ ತಾಯಿ ಟೈಲರಮ್ಮನಿಗೆ ಐವತ್ತರ ಆಸುಪಾಸು. ಕೊರಳಲ್ಲಿ ಅಳತೆ ಟೇಪು, ತುಟಿಯಲ್ಲಿ ಎರಡು ಗುಂಡುಸೂಜಿ. ಬೀದಿ ಬಾಗಿಲನ್ನು ಹಾರು ಹೊಡೆದು, ಮುಚ್ಚಿಕೊಳ್ಳದ ಹಾಗೆ ಒಂದು ಇಟ್ಟಿಗೆ ಅಡ್ಡ ಇಟ್ಟಿದ್ದಳು.

“ಕೆಟ್ಟಿದ್ರೆ ಕೆಡಲಿ ಬಿಡಿ ಅಣ್ಣ. ಸ್ವಿಚ್ ಹಾಕೋಕೆ ನಂಗೆ ಕೈ ಇಲ್ವಾ?” ಅಂದಳು.

“ಮಗಳು ಆಸೆಪಟ್ಟಿದ್ದಾಳಮ್ಮ. ಹೆದರ್ಕೋಬೇಡಿ, ಏನೂ ಸುಡಲ್ಲ” ಅಂತ ಮಾಮ ನಕ್ಕ. ಹೆಂಗಸರಿಗೆ ಯಂತ್ರ ಅಂದರೆ ಭಯ ಅಂತ ಅವನ ಲೆಕ್ಕ. ರೂಟರಿನ ಸಡಿಲಾದ ಪ್ಲಗ್ಗಿಗೆ ಅಂಟು ಟೇಪು ಸುತ್ತುತ್ತಾ, “ಸ್ವಲ್ಪ ನಿಮ್ಮ ಕತ್ತರಿ ಕೊಡಿ” ಅಂದ.

“ಹಲ್ಲಲ್ಲಿ ಕಚ್ಚಿ. ಈ ಕತ್ತರಿ ಬಟ್ಟೆ ಬಿಟ್ಟು ಇನ್ನೊಂದನ್ನ ಮುಟ್ಟಿಲ್ಲ, ಇಪ್ಪತ್ತೆರಡು ವರ್ಷದಿಂದ. ಕಾಗದ ಕೂಡ ಇಲ್ಲ.”

ಮಾಮ ಎಣಿಸಿದ. ಬಲ್ಬು ನಾಲ್ಕು, ಕ್ಯಾಮೆರಾ ಎರಡು, ಕರೆಗಂಟೆ, ಗೇಟಿನ ದೀಪ, ಬಾಗಿಲ ಬೀಗ, ಮಾತಾಡುವ ಸ್ಪೀಕರು, ಹೊಲಿಗೆ ಯಂತ್ರದ ಹಿಂದೆ ಒಂದು ಪ್ಲಗ್ಗು. ಒಟ್ಟು ಹನ್ನೊಂದು. ಯಂತ್ರದ ಪ್ಲಗ್ಗೂ ವೈಫೈದು ಅಂತ ನೋಡಿ ಅವನಿಗೆ ಸ್ವಲ್ಪ ಆಶ್ಚರ್ಯವಾಯಿತು. ‘ಹೊಲಿಗೆ ಯಂತ್ರವನ್ನ ದೂರದಿಂದ ಆರಿಸೋ ದರ್ದು ಯಾರಿಗಪ್ಪ?’ ಅಂದುಕೊಂಡ. ಅಂದುಕೊಂಡು ಮರೆತ. ಅಲ್ಲೇ ನಿಂತು ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಒಂದೊಂದನ್ನೇ ಅಳಿಸಿ ಹೊಸ ರೂಟರಿಗೆ ಹೊಂದಿಸುತ್ತಾ ಕೂತರೆ ಅರ್ಧ ದಿನ. ಆದರೆ ಮಾಮನ ಹತ್ತಿರ ಒಂದು ಸುಲಭದ ದಾರಿ ಇತ್ತು. ಈ ವಸ್ತುಗಳಿಗೆ ರೂಟರು ಯಾವುದು ಅಂತ ಏನು ಗೊತ್ತು? ಅವಕ್ಕೆ ಗೊತ್ತಿರೋದು ಒಂದು ಹೆಸರು, ಒಂದು ಪಾಸ್‌ವರ್ಡು. ಹೊಸ ರೂಟರಿಗೆ ಅದೇ ಹಳೇ ಹೆಸರು, ಅದೇ ಹಳೇ ಪಾಸ್‌ವರ್ಡು ಕೊಟ್ಟರೆ ಸಾಕು, ಯಜಮಾನ ಸೀಟಿ ಹಾಕಿದಾಗ ಓಡಿಬರೋ ನಾಯಿಯ ಹಾಗೆ ತಾವಾಗಿ ಬಂದು ಸೇರಿಕೊಳ್ಳುತ್ತವೆ. ಮಗಳು ಎರಡನ್ನೂ ಮೆಸೇಜಿನಲ್ಲಿ ಕಳಿಸಿದ್ದಳು. ಹೆಸರು, ‘ಯಜಮಾನ್ರ ಮನೆ’. ಪಾಸ್‌ವರ್ಡನ್ನ ಅಪ್ಪ ಬಾಯಿಪಾಠ ಮಾಡಿಸಿದ್ದರಂತೆ.

ಐದು ನಿಮಿಷ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಯಿತು.

ಗೇಟಿನ ದೀಪ ಮಿನುಗಿತು. ಮೂಲೆಯ ಕ್ಯಾಮೆರಾ ಕತ್ತು ತಿರುಗಿಸಿತು. ಒಂದು ಬಲ್ಬು ಹತ್ತಿ, ಆರಿ, ಮತ್ತೆ ಹತ್ತಿತು. “ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅಂತ, ನೋಡಿ ಹೇಗೆ ಬಂತು!” ಅಂತ ಮಾಮ ನಕ್ಕ. ಫೋನಿನಲ್ಲಿ ಪಟ್ಟಿ ತೆರೆದು ತೋರಿಸಿದ. “ಈ ನಂಬರ್ ನೋಡಿ, ಇದು ಕಮ್ಮಿ ಇದ್ದಷ್ಟೂ ವಸ್ತು ರೂಟರಿಗೆ ಹತ್ತಿರ. ಗೇಟಿನ ದೀಪ ಎಂಬತ್ತು. ಈ ಕೋಣೆ ಬಲ್ಬು ಮೂವತ್ತೈದು. ಹನ್ನೊಂದಕ್ಕೆ ಹನ್ನೊಂದೂ ಬಂದವು.”

ಟೈಲರಮ್ಮ ಯಂತ್ರ ನಿಲ್ಲಿಸಿದಳು. “ಏನ್ ಮಾಡಿದ್ರಿ ಅಣ್ಣ?”

“ಹಳೇ ಹೆಸರೇ ಕೊಟ್ಟೆ.”

ಅವಳು ತುಟಿಯ ಗುಂಡುಸೂಜಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಗೋಡೆ ಗಡಿಯಾರ ನೋಡಿದಳು. ಒಂದು ಗಂಟೆ ಎಂಟು ನಿಮಿಷ.

“ಒಂದು ಹತ್ತಕ್ಕೆ ನಮ್ಮ ಯಜಮಾನ್ರು ಊಟಕ್ಕೆ ಬರ್ತಿದ್ರು” ಅಂದಳು. “ಆಫೀಸಲ್ಲಿ ಕೂತು ಕ್ಯಾಮೆರಾದಲ್ಲಿ ನನ್ನ ಕಾಯ್ತಿದ್ರು ಅಣ್ಣ. ಯಾರು ಬಂದ್ರು, ಎಷ್ಟೊತ್ತು ನಿಂತ್ರು, ನಾನು ಯಾಕೆ ನಕ್ಕೆ. ಸಿಟ್ಟು ಬಂದ್ರೆ ಅಲ್ಲಿಂದಲೇ ನನ್ನ ಮಿಷನ್ ಆರಿಸ್ತಿದ್ರು. ಅವರ ಫೋನು ಮನೆ ವೈಫೈಗೆ ಸಿಕ್ಕಿದ ಕೂಡ್ಲೆ ಬಾಗಿಲ ಬೀಗ ಬೀಳ್ತಿತ್ತು. ಒಳಗಿಂದ ತಿರುಗಲ್ಲ. ಹಾಗೇ ಮಾಡಿಟ್ಟಿದ್ರು.”

ಮಾಮ ಬಾಗಿಲ ಕಡೆ ನೋಡಿದ. “ಈಗ ಅವ್ರಿಲ್ವಲ್ಲಮ್ಮ.”

“ಹೋದ ಮೇಲೂ ಬರ್ತಿದ್ರು. ಅದಕ್ಕೇ ಅಲ್ವಾ ನಾನು ರೂಟರ್ ತೆಗೆಸಿ ಹೆಸರು ಬದಲಾಯಿಸಿದ್ದು? ಮೂರು ವಾರ, ಅಣ್ಣ. ಮೂರು ವಾರ ಮನುಷ್ಯರ ಹಾಗೆ ನಿದ್ದೆ ಮಾಡಿದ್ದೆ.”

ಮೇಜಿನ ಸೆಳೆಖಾನೆ ಎಳೆದು ಒಂದು ಡಬ್ಬಿ ತೆಗೆದು ತೋರಿಸಿದಳು. ಯಜಮಾನ್ರ ಜೀವ ತೆಗೆದ ಅಪಘಾತದಲ್ಲಿ ಎರಡು ತುಂಡಾದ ಅವರ ಫೋನು. ಗಾಜು ಪುಡಿಪುಡಿ, ಬ್ಯಾಟರಿಯ ಜಾಗ ಖಾಲಿ. ಇದಕ್ಕೆ ಜೀವ ಬರಲು ಸಾಧ್ಯವೇ ಇಲ್ಲ ಅಂತ ಮಾಮನ ಮೂವತ್ತು ವರ್ಷದ ಕಣ್ಣು ಹೇಳಿತು. ಅಷ್ಟರಲ್ಲಿ ಅವನ ಕೈಯಲ್ಲಿದ್ದ ಪಟ್ಟಿಯಲ್ಲಿ ಹನ್ನೆರಡನೇ ಸಾಲು ಮೂಡಿತು.

‘ಯಜಮಾನ್ರ ಫೋನ್. ಎಂಬತ್ತು.’

ಗೇಟು. ಮಾಮ ತಲೆಯೆತ್ತಿ ನೋಡಿದ. ನಡುಮಧ್ಯಾಹ್ನದ ಬಿಸಿಲು, ಖಾಲಿ ಬೀದಿ, ಗೇಟಿನ ಬಳಿ ಒಂದು ನರಪಿಳ್ಳೆಯೂ ಇಲ್ಲ. ಕಣ್ಣು ಮತ್ತೆ ಫೋನಿಗೆ ಇಳಿಯಿತು. ಎಪ್ಪತ್ತೆರಡು. ಅರವತ್ತೈದು. ಯಾರೋ ಅವಸರವಿಲ್ಲದೆ, ತನ್ನ ಮನೆಗೆ ತಾನು ನಡೆದು ಬರುವ ಹಾಗೆ ನಂಬರು ಇಳಿಯುತ್ತಿತ್ತು. ಐವತ್ತೈದಕ್ಕೆ ಬಂದಾಗ ಹೊಸ್ತಿಲ ಬಳಿ ಇಟ್ಟಿಗೆ ಕರ್‌ ಅಂತ ಸರಿಯಿತು, ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು, ಬೀಗ ಟಕ್ ಅಂತ ಬಿತ್ತು. ಹೊಲಿಗೆ ಯಂತ್ರದ ಪುಟ್ಟ ದೀಪ ಆರಿಹೋಯಿತು.

ನಲವತ್ತೆಂಟು. ನಲವತ್ತು.

ಕ್ಯಾಮೆರಾ ತಿರುಗಿ ಮಾಮನ ಮೇಲೆ ನಿಂತಿತು. ಕಪಾಟಿನ ಮೇಲಿನ ಸ್ಪೀಕರಿನಿಂದ ಒಬ್ಬ ಗಂಡಸಿನ ದನಿ ಕೇಳಿಸಿತು. ಕೂಗಾಟವಿಲ್ಲ, ಸಿಟ್ಟಿಲ್ಲ, ಸಮಾಧಾನದ ದನಿ.

“ಯಾರು ಬಂದಿರೋದು?”

“ಯಾರೂ ಇಲ್ಲ” ಅಂದಳು ಟೈಲರಮ್ಮ. ಅಷ್ಟು ಬೇಗ, ಅಷ್ಟು ಅಭ್ಯಾಸದಿಂದ ಅಂದಳು ಅಂದರೆ, ಅವಳ ಎದುರಿಗೇ ನಿಂತಿದ್ದ ಮಾಮನಿಗೆ ತಾನು ನಿಜಕ್ಕೂ ಅಲ್ಲಿ ಇಲ್ಲವೇನೋ ಅನ್ನಿಸಿಬಿಟ್ಟಿತು.

“ಸುಳ್ಳು” ಅಂದಿತು ದನಿ.

ಮೂವತ್ತೆರಡು. ಅಂದರೆ ಇದೇ ಕೋಣೆ. ಅಂದರೆ ಬಲ್ಬಿಗಿಂತ ಹತ್ತಿರ. ರೂಟರಿನ ಪ್ಲಗ್ಗು ಕೀಳಬೇಕು ಅಂತ ತಲೆಗೆ ಗೊತ್ತು, ಕಾಲು ನೆಲ ಬಿಡಲಿಲ್ಲ. ನಾಚಿಕೆಗೇಡು, ಆದರೆ ನಡೆದದ್ದು ಹಾಗೆ. ಅವನ ಕುತ್ತಿಗೆಯ ಹಿಂದೆ ಯಾರೋ ಬಗ್ಗಿ ಫೋನು ನೋಡುತ್ತಿದ್ದಾರೆ ಅನ್ನಿಸಿತು. ತಿರುಗಲು ಧೈರ್ಯ ಸಾಲಲಿಲ್ಲ.

ಟೈಲರಮ್ಮ ಎದ್ದಳು. ಬಟ್ಟೆ ಬಿಟ್ಟು ಇನ್ನೊಂದನ್ನು ಮುಟ್ಟದ ಆ ಕತ್ತರಿ ಎತ್ತಿಕೊಂಡಳು. ಗೋಡೆಗುಂಟ ಅಡಾಪ್ಟರಿನಿಂದ ರೂಟರಿಗೆ ಏರಿದ್ದ ಕರಿ ತಂತಿಯನ್ನು ಎಡಗೈಯಲ್ಲಿ ಹಿಡಿದು, “ಹೌದು, ಸುಳ್ಳು ಹೇಳಿದೆ. ಏನೀಗ?” ಅಂದಳು. ಕಚಕ್ಕನೆ ಕತ್ತರಿಸಿದಳು.

ಪಟ್ಟಿ ಮಾಯವಾಯಿತು. ಕ್ಯಾಮೆರಾ ಕತ್ತು ಬಾಗಿಸಿತು. ಆಮೇಲೆ ಅವಳು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮಾಮ ಒಂದು ಲೋಟ ನೀರು ತಂದುಕೊಟ್ಟು, “ತಪ್ಪಾಯ್ತು ತಾಯಿ. ನೀವು ಬೇಡ ಅಂದ್ರಿ, ನಾನು ಕೇಳಿಸ್ಕೊಳ್ಲಿಲ್ಲ” ಅಂದ. ಮನಸ್ಸಿನಿಂದಲೇ ಅಂದ.

ಮೊದಲು ಬೀಗದ ಮುಚ್ಚಳ ಬಿಚ್ಚಿ ನಾಲ್ಕು ಸೆಲ್ಲು ಕಿತ್ತು ಬಾಗಿಲು ತೆಗೆದ. ಆಮೇಲೆ ಒಂದೊಂದೇ ವಸ್ತುವಿನ ಗುಂಡಿಯನ್ನು ಹತ್ತು ಎಣಿಸುವ ತನಕ ಒತ್ತಿ ಹಿಡಿದು, ಅದು ನೆನಪಿಟ್ಟುಕೊಂಡಿದ್ದನ್ನೆಲ್ಲ ಅಳಿಸಿದ. ಸ್ಪೀಕರಿನ ಸರದಿ ಬಂದಾಗ ಟೈಲರಮ್ಮ, “ಕೊಡಿ, ಇದು ನಂದು” ಅಂದಳು. ಅವಳು ಒತ್ತಿದಳು, ಇಬ್ಬರೂ ಒಟ್ಟಿಗೆ ಎಣಿಸಿದರು. ಏಳಕ್ಕೆ ಅದು ಅವಳ ಹೆಸರು ಹಿಡಿದು ಕರೆಯಿತು. ವೈಫೈ ಇಲ್ಲ, ಏನಿಲ್ಲ, ಆದರೂ ಕರೆಯಿತು. ಅವಳು ಬೆರಳು ತೆಗೆಯಲಿಲ್ಲ. ಎಂಟು. ಒಂಬತ್ತು. ಹತ್ತು.

ಯಂತ್ರದ ವೈಫೈ ಪ್ಲಗ್ಗು ಕಿತ್ತು ನೇರ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದ. ಕತ್ತರಿಸಿದ ತಂತಿಯನ್ನು ಸುಲಿದು, ತಿರುಚಿ, ಟೇಪು ಸುತ್ತಿದ. ಎಷ್ಟೋ ವರ್ಷದ ಮೇಲೆ ತಂತಿ ಮಾಮನಿಗೆ ಒಂದು ತಂತಿ ಸಿಕ್ಕಿತ್ತು. ರೂಟರಿಗೆ ಹೊಸ ಹೆಸರು, ಹೊಸ ಪಾಸ್‌ವರ್ಡು ಅವಳೇ ಒತ್ತಿದಳು. ಮಾಮ ಮುಖ ಆಚೆ ತಿರುಗಿಸಿ ನಿಂತ.

ಅಷ್ಟರಲ್ಲಿ ಮಗಳ ಫೋನು. “ಎಲ್ಲ ಕನೆಕ್ಟ್ ಆಯ್ತಾ ಮಾಮ?”

ಟೈಲರಮ್ಮ ಬೇಡ ಅನ್ನುವ ಹಾಗೆ ಮೆಲ್ಲಗೆ ತಲೆ ಅಲ್ಲಾಡಿಸಿದಳು. “ಅವಳ ಪಾಲಿಗೆ ಅವರಪ್ಪ ಒಳ್ಳೆಯವರಾಗೇ ಇರಲಿ” ಅಂತ ಪಿಸುಗುಟ್ಟಿದಳು.

ಮಾಮ ಫೋನು ಕಿವಿಗೆ ಒತ್ತಿಕೊಂಡ. “ಇಲ್ಲ ಮಗೂ. ನೋಡ್ದೆ, ಒದ್ದಾಡ್ದೆ. ನನ್ನ ಕೈಲಿ ಆಗ್ಲಿಲ್ಲ.”

“ನಿಮ್ಮ ಕೈಲೇ ಆಗ್ಲಿಲ್ವಾ? ಬೇರೆಯವರನ್ನ ಕರೆಸ್ಲಾ?”

“ಬೇಡ. ಒಳಗೆಲ್ಲ ಹಾಳಾಗಿದೆ. ಯಾರ ಕೈಲೂ ಆಗಲ್ಲ.” ಮೂವತ್ತು ವರ್ಷದ ಜಂಬ ಒಂದೇ ಮಾತಿಗೆ ಹೋಯಿತು. ಹೋಗಲಿ, ಅದೇನು ಅನ್ನ ಹಾಕುತ್ತಿತ್ತಾ?

ಗೇಟಿನಾಚೆ ಬಂದು ಅಗುಳಿ ಹಾಕಿದ. ಸುಮ್ಮನಿರಲಾರದೆ ಫೋನಿನಲ್ಲಿ ಸುತ್ತಲಿನ ವೈಫೈ ಪಟ್ಟಿ ತೆರೆದ. ಮೇಲೆ ಟೈಲರಮ್ಮನ ಹೊಸ ಹೆಸರು. ಅದರ ಕೆಳಗೆ ‘ಯಜಮಾನ್ರ ಮನೆ’, ಸಿಗ್ನಲ್ಲಿನ ಒಂದೇ ಒಂದು ಗೆರೆ. ಆ ಹೆಸರು ಹೊರಡಿಸುವ ರೂಟರು ಈಗ ಲೋಕದಲ್ಲೇ ಇರಲಿಲ್ಲ.

ಮಾಮ ಓಡಲಿಲ್ಲ. ಅಗುಳಿಯ ಮೇಲೆ ಕೈ ಇಟ್ಟು ಬಿಸಿಲಲ್ಲಿ ಅಲ್ಲೇ ನಿಂತ. ಒಳಗೆ, ಹಾರು ಹೊಡೆದ ಬಾಗಿಲ ಆಚೆ, ಹೊಲಿಗೆ ಯಂತ್ರದ ಸದ್ದು ಶುರುವಾಯಿತು. ಈಗ ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂತ ಉಸಿರು ಬಿಗಿಹಿಡಿದು ಕೇಳಿಸಿಕೊಂಡ. ಗೆರೆ ಒಂದು ಸಲ ನಡುಗಿ, ಆರಿತು. ಯಂತ್ರ ಒಂದು ಉದ್ದನೆಯ ಹೊಲಿಗೆಯನ್ನು ತುದಿಯವರೆಗೂ ಹೊಲಿದು ಮುಗಿಸಿ, ಇನ್ನೊಂದನ್ನು ಶುರುಮಾಡಿತು.